ಅಪ್ಪನ ದೋರಿ, ನಮ್ಮ ಗೋಡೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಹುರಿಯ ಸಲುವಾಗಿ ಮಾತಿಗೆ ಮಾತು ಬೆಳೆಯಿತು. ಗೋವಾದ ನಮ್ಮ ವಾಸ್ಕೋದ ಮಳೆಯ ಪರಿಚಯ ನಿಮಗಿಲ್ಲದಿದ್ದರೆ ಹೇಳಿಬಿಡುತ್ತೇನೆ. ಇಲ್ಲಿ ಜೂನಿನಲ್ಲಿ ಒದ್ದೆಯಾದ ಅಂಗಿ ಸೆಪ್ಟೆಂಬರಿನಲ್ಲಿ ಒಣಗುತ್ತದೆ, ಅದೂ ಅದರ ಮನಸ್ಸಿಗೆ ಬಂದರೆ. ಹೀಗಿರುವಾಗ ಪಡಸಾಲೆಯಲ್ಲಿ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ಕಡಿದು, ಇಡೀ ಮನೆಯ ಬಟ್ಟೆ ನೆಲಕ್ಕೆ ಬಿತ್ತು. ನನ್ನ ಹೆಂಡತಿ ರೇಣುಕಾ ಹಳೆಯ ಟ್ರಂಕು ತೆಗೆದು, ಕಟ್ಟಿಗೆಯ ತುಂಡಿಗೆ ಸುತ್ತಿದ್ದ ಒಂದು ನೂಲಿನ ಹುರಿಯನ್ನು ಹಿಡಿದುಕೊಂಡು ಬಂದಳು. ಬಣ್ಣ ಹೋಗಿ, ಅಲ್ಲಲ್ಲಿ ಸಿಮೆಂಟು ಹತ್ತಿ, ನೋಡಲು ಏನೂ ಚೆಂದವಿರಲಿಲ್ಲ. ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಅದನ್ನು ಕಸಿದುಕೊಂಡೆ.

"ಹಂಗ್ಯಾಕ ಕಸಗೋತೀರಿ? ಬಂಗಾರದ ಸರಾ ಏನ್ರಿ ಅದು?" ಅಂದಳು.

"ಇದು ಅರಿವಿ ಹಾಕೋ ಹಗ್ಗ ಅಲ್ಲ."

"ಮತ್ತ ಏನದು?"

ಅದಕ್ಕೆ ಉತ್ತರ ಹೇಳಬೇಕೆಂದರೆ ಒಂದು ಫುಟ್‌ಬಾಲ್ ಪಂದ್ಯದಷ್ಟು ಹೊತ್ತು ಬೇಕು, ಮಧ್ಯದ ವಿರಾಮ ಬೇರೆ. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತವಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಿಮ್ಮ ಕೈಯಲ್ಲಿ ಹೇಗೂ ಒದ್ದೆ ಬಟ್ಟೆ ಇಲ್ಲ. ನೀವು ಕೇಳಿ.

ಅದು ನಮ್ಮಪ್ಪನ ದೋರಿ. ಅಪ್ಪ ಗೌಂಡಿ. ಗೋಡೆ ಕಟ್ಟುವಾಗ ಎರಡು ತುದಿಗೆ ಎರಡು ಕಲ್ಲಿಟ್ಟು, ನಡುವೆ ಈ ದೋರಿಯನ್ನು ಎಳೆದು ಬಿಗಿದು ಕಟ್ಟುತ್ತಾರೆ. ಆಮೇಲೆ ಇಡುವ ಪ್ರತಿ ಕಲ್ಲೂ ಅದನ್ನು ನೋಡಿಕೊಂಡೇ ಕೂಡಬೇಕು. ಒಂದು ಕಲ್ಲು ಸ್ವಲ್ಪ ಮುಂದೆ ಬಂದರೂ ದೋರಿ ಹೇಳಿಬಿಡುತ್ತದೆ. ಇದೇ ದೋರಿಯಿಂದ ಅಪ್ಪ ಒಂದು ಕಾಲಕ್ಕೆ ನಾಲ್ಕು ಜನ ಕಾಲೇಜು ಹುಡುಗರನ್ನು ಸೊಂಟದಿಂದ ಸೊಂಟಕ್ಕೆ ಬಿಗಿದು ಕಟ್ಟಿದ್ದ. ಆ ನಾಲ್ವರಲ್ಲಿ ನಾನೊಬ್ಬ. ಹತ್ತು ವರ್ಷ ಕೂಡ ಆಗಿಲ್ಲ. ಆಗ ನನ್ನ ಸೊಂಟಕ್ಕೆ ಎರಡು ಸುತ್ತು ಬರುತ್ತಿದ್ದ ದೋರಿಯ ತುದಿ ಈಗ ಒಂದು ಸುತ್ತಿಗೇ ಉಸಿರು ಹಿಡಿಯುತ್ತದೆ. ಆ ಮಾತು ಬಿಡಿ.

ನಮ್ಮಪ್ಪ ಮುದ್ದೇಬಿಹಾಳದ ಕಡೆಯಿಂದ ನಾನು ಹುಟ್ಟುವ ಮೊದಲೇ ವಾಸ್ಕೋಗೆ ಬಂದವನು. ವಾಸ್ಕೋದ ಅರ್ಧ ಗೋಡೆಗಳು ಅಪ್ಪನವೇ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಬುದ್ಧಿ ಬಂದ ಮೇಲೆ ಕಾಲುಭಾಗಕ್ಕೆ ಇಳಿಸಿದ್ದೇನೆ. ಅವನ ಜೊತೆ ಮಡಗಾಂವ್ ಬಸ್ಸಿನಲ್ಲಿ ಕುಳಿತರೆ, ಬೇರೆಯವರು ನೆಂಟರ ಮನೆ ತೋರಿಸಿದ ಹಾಗೆ ಗೋಡೆ ತೋರಿಸುತ್ತಿದ್ದ. ದಾಬೋಲಿಮ್ ದಾಟುವಾಗಲಂತೂ ಕಿಟಕಿಯಿಂದ ಹೊರಗೆ ಹಾಕಿದ ಕೈ ಒಳಗೆ ಬರುತ್ತಲೇ ಇರಲಿಲ್ಲ. "ಅದು ನಂದು. ಆ ಮೂಲಿ ಮನಿ ನಂದು. ಅದರ ಬಾಜೂದ್ದು ನಂದಲ್ಲ ನೋಡು, ಸೊಟ್ಟ ಐತಿ." ಸೊಟ್ಟ ಇದ್ದದ್ದೊಂದೂ ಅವನದಾಗಿರುತ್ತಿರಲಿಲ್ಲ.

ಅವನಿಗೊಂದು ಪದ್ಧತಿ ಇತ್ತು. ನಮ್ಮ ಕಡೆ ಮನೆ ಕಟ್ಟಿ ಮುಗಿದ ಮೇಲೆ ಮಾಲಕ ಗೌಂಡಿಯನ್ನು ಕರೆದು ಕೂರಿಸಿ, ಹೆಗಲಿಗೆ ಹೊಸ ಟವೆಲ್ ಹಾಕಿ, ಕೈಗೆ ತೆಂಗಿನಕಾಯಿ ಕೊಡುತ್ತಾನೆ. ಊರಲ್ಲಿ ಎಲ್ಲರೂ ಮಾಡುವುದೇ. ಆದರೆ ಅಪ್ಪ ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿದ್ದ. ಹಾಗೆ ಕರೆಯುವ ತನಕ ತಾನು ಕಟ್ಟಿದ ಜಾಗದಲ್ಲಿ ಅವನು ಕೂಡುತ್ತಿರಲಿಲ್ಲ, ಕೆಲಸ ಮುಗಿದ ಮೇಲೆ ಒಳಗೆ ಕಾಲಿಡುತ್ತಲೂ ಇರಲಿಲ್ಲ. ಊರಲ್ಲಾದರೆ ಸರಿ. ಗೋವಾದಲ್ಲಿ ಮಾಲಕನಿಗೆ ಗೌಂಡಿಯ ಮುಖವೇ ಗೊತ್ತಿರುವುದಿಲ್ಲ, ನಡುವೆ ಕಂತ್ರಾಟದಾರ ಇರುತ್ತಾನೆ. ಹೀಗಾಗಿ ಈ ಊರಿನ ತುಂಬ ಅಪ್ಪ ತಾನೇ ಕಟ್ಟಿ ತಾನೇ ಒಳಗೆ ಹೋಗದ ಕಟ್ಟಡಗಳಿವೆ. ಅವುಗಳಲ್ಲಿ ಒಂದು, ಬಂದರದ ರಸ್ತೆಗೆ ಹೊಂದಿಕೊಂಡ ಮೈದಾನದ ಪೆವಿಲಿಯನ್. ಚಿರೆಕಲ್ಲಿನ ಏಳು ಮೆಟ್ಟಿಲು, ಮೇಲೊಂದು ತಗಡಿನ ಚಾವಣಿ. ನಾನು ಕಾಲೇಜು ಸೇರುವ ಹಿಂದಿನ ವರ್ಷ ಕಟ್ಟಿದ್ದು. ಕಂತ್ರಾಟದಾರ ಕೆಲಸ ಮುಗಿಸಿ ಹೋದ. ಯಾರೂ ಅಪ್ಪನನ್ನು ಕರೆಯಲಿಲ್ಲ.

ಈಗ ಫುಟ್‌ಬಾಲಿಗೆ ಬರುತ್ತೇನೆ. ಗೋವಾದ ಮಗು ಮೊದಲು ಚೆಂಡು ಒದೆಯುತ್ತದೆ, ಆಮೇಲೆ ನಡೆಯಲು ಕಲಿಯುತ್ತದೆ. ನಾವು ಕೂಲಿಗಳ ಚಾಳಿನ ಹುಡುಗರು ಮಾತ್ರ ಸೆಂಟ್ರಿಂಗ್ ಹಲಗೆಯಿಂದ ಕ್ರಿಕೆಟ್ ಆಡಿ ಬೆಳೆದವರು. ಕಾಲೇಜಿನ ತಂಡಕ್ಕೆ ನಾನು ಆಯ್ಕೆಯಾದ ಕತೆಯನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುವುದು ಒಳ್ಳೆಯದು. ನಮ್ಮ ದೈಹಿಕ ಶಿಕ್ಷಣದ ನಾಯ್ಕ ಸರ್ ಕಾರವಾರದವರು. ಅವರ ಹತ್ತಿರ ಹತ್ತು ಜನ ಆಟಗಾರರೂ ಹನ್ನೊಂದು ಜೊತೆ ಬೂಟೂ ಇದ್ದವು. ಉಳಿದ ಒಂದು ಜೊತೆ ಒಂಬತ್ತು ನಂಬರಿನದು. ನಾನು ಫೀಸು ತುಂಬುವ ಸಾಲಿನಲ್ಲಿ ನಿಂತಿದ್ದೆ. ಸರ್ ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. "ಎಷ್ಟು ನಂಬರು?" ಅಂದರು. "ಒಂಬತ್ತು ರೀ ಸರ್" ಅಂದೆ. ಅಷ್ಟೇ. ನನ್ನನ್ನು ಆರಿಸಿದ್ದು ಬೂಟು.

ಮೊದಲ ವರ್ಷ ನಾವು ಆಡಿದ ಪಂದ್ಯಗಳೆಲ್ಲವನ್ನೂ ಸೋತೆವು. ಸೋಲುವುದರಲ್ಲೂ ಒಂದು ಮರ್ಯಾದೆ ಇರುತ್ತದೆ, ನಮಗೆ ಅದೂ ಇರಲಿಲ್ಲ. ಐದು ಗೋಲು, ಆರು ಗೋಲು, ಮಡಗಾಂವ್ ಕಾಲೇಜಿನ ಎದುರು ಎಂಟು. ನೋಡಲು ಬಂದವರು ನಮ್ಮನ್ನು "ಘಾಟಿ ಟೀಮ್" ಎಂದು ಕೂಗುತ್ತಿದ್ದರು. ಘಟ್ಟದ ಮೇಲಿಂದ ದುಡಿಯಲು ಬಂದವರಿಗೆ ಇಲ್ಲಿ ಕೊಡುವ ಹೆಸರು ಅದು, ಪ್ರೀತಿಯಿಂದ ಕೊಡುವುದಲ್ಲ. ತಮಾಷೆಯೆಂದರೆ ತಂಡದಲ್ಲಿ ಅರ್ಧ ಜನ ಅಪ್ಪಟ ಗೋವಾದವರು. ನಮ್ಮ ಕ್ಯಾಪ್ಟನ್ ಸಾವಿಯೋನ ಮುತ್ತಜ್ಜನ ಕಾಲದಿಂದ ಅವರ ಮನೆ ಇದೇ ಗುಡ್ಡದ ಮೇಲಿತ್ತು. ಅವನಿಗೇ ಎಲ್ಲರಿಗಿಂತ ಹೆಚ್ಚು ಸಂಕಟ.

"ನಾ ಗೋಂಯ್‌ಕಾರ್. ನಂಗ್ಯಾಕ ಘಾಟಿ ಅಂತಾರ?" ಎಂದು ಬೂಟು ಬಿಚ್ಚುತ್ತ ಕೇಳುತ್ತಿದ್ದ. ಅವನಿಗೆ ಕನ್ನಡ ಕಲಿಸಿದವನು ನಮ್ಮ ಮೆಹಬೂಬ. ಗದಗಿನ ಕಡೆಯವನು, ತಂದೆ ಬಂದರದಲ್ಲಿ ಟೆಂಪೊ ಹೊಡೆಯುತ್ತಿದ್ದರು. ಸಾವಿಯೋ ಮತ್ತು ಮೆಹಬೂಬ ರಕ್ಷಣೆಯ ನಡುವೆ ನಿಲ್ಲುವವರು, ನಾನು ಅವರ ಬಲಕ್ಕೆ, ವಿನಾಯಕ ಎಂಬ ಮಾತಾಡದ ಹುಡುಗ ಎಡಕ್ಕೆ.

"ನಮ್ಮ ಜೋಡಿ ಆಡಾಕತ್ತಿ, ಇನ್ನ ನೀನೂ ಘಾಟಿ ಆದಿ ಬಿಡು" ಎಂದು ಮೆಹಬೂಬ ಅವನಿಗೆ ಸಮಾಧಾನ ಹೇಳುತ್ತಿದ್ದ.

ಆ ವರ್ಷದ ಕೊನೆಯ ಪಂದ್ಯ ಬಂದರದ ಮೈದಾನದಲ್ಲಿತ್ತು. ಅಪ್ಪ ಕೆಲಸದಿಂದ ನೇರ ಅಲ್ಲಿಗೆ ಬಂದಿದ್ದ. ಮಗ ಏನು ಆಡುತ್ತಾನೆ ಎಂದು ನೋಡುವ ಆಸೆ. ಮೈಮೇಲೆಲ್ಲ ಸಿಮೆಂಟು. ಅವಸರದಲ್ಲಿ ತನ್ನ ಪದ್ಧತಿಯನ್ನೇ ಮರೆತು ಪೆವಿಲಿಯನ್ನಿನ ಗೇಟಿನೊಳಗೆ ಎರಡು ಹೆಜ್ಜೆ ಇಟ್ಟ. ಅಲ್ಲಿ ಪೆದ್ರು ಅಂಕಲ್ ಎಂಬ ಮುದುಕ ಇದ್ದರು. ಮೈದಾನ ಗುಡಿಸುವುದು, ಸುಣ್ಣದ ಗೆರೆ ಹಾಕುವುದು, ಬೀಗ ಹಾಕುವುದು, ಎಲ್ಲ ಅವರೇ. ಕೆಲಸ ಕೇಳಲು ಬಂದ ಕೂಲಿ ಎಂದುಕೊಂಡರೋ ಏನೋ, ಕೈ ಅಡ್ಡ ಹಿಡಿದರು. "ಕಾಮ್ ನಾ. ಭಾಯ್ರ್ ವಚ್." ಕೆಲಸ ಇಲ್ಲ, ಹೊರಗೆ ನಡೆ. ನಾನು ಬಲಬದಿಯ ಗೆರೆಯ ಹತ್ತಿರವೇ ನಿಂತಿದ್ದೆ, ಎಲ್ಲ ಕೇಳಿಸಿತು. ಅಪ್ಪ ತಿರುಗಿ ಹೋದ. ಮೈದಾನದ ಕಂಪೌಂಡಿನ ಆಚೆ ಉಳಿದ ಚಿರೆಕಲ್ಲುಗಳ ರಾಶಿ ಬಿದ್ದಿತ್ತು, ಅದರ ಮೇಲೆ ಹತ್ತಿ ನಿಂತು ಗೋಡೆಯ ಮೇಲಿಂದ ನೋಡಿದ. ನಾನು ಆ ದಿನ ಹೇಗೆ ಆಡಿದೆನೆಂದು ಕೇಳಬೇಡಿ. ಕಣ್ಣಲ್ಲಿ ನೀರು ತುಂಬಿಕೊಂಡು ಚೆಂಡು ಎರಡೆರಡು ಕಾಣುತ್ತಿತ್ತು, ನಾನು ಒದ್ದದ್ದು ಯಾವಾಗಲೂ ಇಲ್ಲದಿರುವ ಚೆಂಡನ್ನು.

ಮನೆಗೆ ಬಂದು ನಾನು ಸಿಟ್ಟಿನಿಂದ ಕುದಿಯುತ್ತಿದ್ದರೆ ಅಪ್ಪ ಕೈಕಾಲು ತೊಳೆದು ರೊಟ್ಟಿಗೆ ಕುಳಿತಿದ್ದ.

"ಆ ಮುದುಕಂದೇನ ತಪ್ಪಿಲ್ಲೋ ಬಸು. ತಪ್ಪು ನಂದ. ಕರೀಲಾರದ ಒಳಗ ಹ್ವಾದೆ."

"ಆ ಮೆಟ್ಟಿಲಾ ಕಟ್ಟಿದಾವ ನೀನಪ್ಪ."

"ಕಟ್ಟಿದೆ. ಅದಕ್ಕ ಹೇಳಾಕತ್ತೇನಿ. ಮಾಲಕ ಟವೆಲ್ ಹಾಕಿ ಕರದ್ರ ಹೋಗಿ ಕುಂದ್ರತೇನಿ. ಇಲ್ಲಾಂದ್ರ ಆ ಕಲ್ಲಿನ ಗುಂಪಿ ಮ್ಯಾಲ ಏನ್ ಕಾಣಂಗಿಲ್ಲ? ಎಲ್ಲಾ ಕಾಣತೈತಿ."

ಅದು ನಿಜವಾಗಿ ಪದ್ಧತಿಯೋ, ಪೆಟ್ಟು ಬಿದ್ದ ಮನುಷ್ಯ ಅದರ ಮೇಲೆ ಹೊದೆಸಿಕೊಂಡ ಬಟ್ಟೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ರಾತ್ರಿ ನಾನು ಒಂದು ನಿಶ್ಚಯ ಮಾಡಿದೆ. ಅಪ್ಪ ಆ ಮೆಟ್ಟಿಲ ಮೇಲೆ ಕೂಡಬೇಕು, ಕರೆಸಿಕೊಂಡೇ ಕೂಡಬೇಕು. ಎಂಟು ಗೋಲು ತಿನ್ನುವ ತಂಡದ ಹುಡುಗನ ಅಪ್ಪನನ್ನು ಯಾರು ಕರೆಯುತ್ತಾರೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಎರಡನೇ ವರ್ಷ ಕಾಲೇಜಿನ ಹಿಂದೆ ಗುಡ್ಡ ಜರಿಯದಂತೆ ಒಂದು ಗೋಡೆ ಕಟ್ಟುವ ಕೆಲಸ ಅಪ್ಪನಿಗೇ ಬಂತು. ನಾವು ಪ್ರಾಕ್ಟೀಸ್ ಮಾಡುವ ಬಯಲಿನ ಅಂಚಿನಲ್ಲೇ. ನಾಲ್ಕು ದಿನ ಅವನು ಕಲ್ಲು ಇಡುತ್ತ, ನಮ್ಮನ್ನು ನೋಡುತ್ತ, ಸುಮ್ಮನಿದ್ದ. ಐದನೆಯ ದಿನ ಕರಣಿ ಕೆಳಗಿಟ್ಟು ನಾಯ್ಕ ಸರ್ ಹತ್ತಿರ ಬಂದ.

"ಸಿಟ್ಟಾಗಬ್ಯಾಡ್ರಿ ಸರ. ನಿಮ್ಮ ಗ್ವಾಡಿ ಸೊಟ್ಟ ಐತ್ರಿ."

"ಯಾವ ಗೋಡೆ?" ಎಂದು ಸರ್ ಬಯಲನ್ನೆಲ್ಲ ನೋಡಿದರು.

"ಇವ ನಾಕು ಮಂದಿ ಅದಾರಲ್ರಿ, ಗೋಲಿನ ಮುಂದ. ಒಬ್ಬಾಂವ ಮುಂದ ಓಡತಾನ, ಒಬ್ಬಾಂವ ಹಿಂದ ನಿಂದರತಾನ. ಸಂದಿ ಬಿದ್ದಲ್ಲಿ ನೀರು ಹ್ವಾದಂಗ ಚಂಡು ಹೋಗತೈತಿ. ನಮ್ಮ ಹುಡುಗಾಂದಂತೂ ಹೇಳೂದ ಬ್ಯಾಡ್ರಿ, ಅಂವ ಕಲ್ಲ ಅಲ್ಲ, ಉರುಳು ಗುಂಡು."

ಬೇರೆ ಯಾವ ಸರ್ ಆದರೂ ನಕ್ಕು ಕಳಿಸುತ್ತಿದ್ದರು. ನಾಯ್ಕ ಸರ್ ನಗಲಿಲ್ಲ. ಹಿಂದಿನ ವರ್ಷದ ಗೋಲುಗಳನ್ನು ಎಣಿಸಿ ಅವರ ಅಹಂಕಾರ ಎಂದೋ ಕರಗಿತ್ತು. "ಹಾಗಾದರೆ ಏನು ಮಾಡೋಣ, ನೀವೇ ಹೇಳಿ" ಅಂದರು. ಅಪ್ಪ ಗೋಡೆಯಿಂದ ದೋರಿ ಬಿಚ್ಚಿ ತಂದು, ನಮ್ಮ ನಾಲ್ವರನ್ನು ಹತ್ತು ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಬಿಗಿದ. ದೋರಿ ಸಡಿಲವೂ ಆಗಬಾರದು, ಕಡಿಯಲೂ ಬಾರದು. ಒಬ್ಬ ಮುಂದೆ ಹೋದರೆ ನಾಲ್ವರೂ ಮುಂದೆ, ಒಬ್ಬ ಹಿಂದೆ ಸರಿದರೆ ನಾಲ್ವರೂ ಹಿಂದೆ. ಇಷ್ಟೇ ಪಾಠ.

ಮೊದಲ ದಿನ ನಾಲ್ವರೂ ಒಬ್ಬರ ಮೇಲೊಬ್ಬರು ಹದಿನಾಲ್ಕು ಸಲ ಬಿದ್ದೆವು. ಎರಡನೆಯ ದಿನ ಸುದ್ದಿ ಹಬ್ಬಿ, ಹುಡುಗಿಯರ ಹಾಸ್ಟೆಲಿನ ಕಿಟಕಿಗಳು ಬೆಳಗಿನ ಆರಕ್ಕೇ ತೆರೆದಿದ್ದವು. ನಾನು ಆ ವಯಸ್ಸಿನಲ್ಲಿ ಕಿಟಕಿಗಳ ಕಡೆ ಹೆಚ್ಚು ಲಕ್ಷ್ಯ ಕೊಡುತ್ತಿದ್ದೆನಾದ್ದರಿಂದ ಅವತ್ತು ಮತ್ತೂ ಹೆಚ್ಚು ಬಿದ್ದೆ. ಹದಿನೈದು ದಿನ ಕಳೆದ ಮೇಲೆ ಬೀಳುವುದು ನಿಂತಿತು. ಒಂದು ತಿಂಗಳಿಗೆ ದೋರಿ ಇದೆ ಎಂಬುದೇ ಮರೆಯಿತು. ಎಷ್ಟು ಮರೆಯಿತೆಂದರೆ, ಬಂದರದ ಕೆಲಸಗಾರರ ತಂಡದೊಂದಿಗೆ ಒಂದು ಸ್ನೇಹಪಂದ್ಯಕ್ಕೆ ಹೋದಾಗ ನಾವು ನಾಲ್ವರೂ ದೋರಿ ಕಟ್ಟಿಕೊಂಡೇ ಕಣಕ್ಕಿಳಿದೆವು. ನಾಯ್ಕ ಸರ್‌ಗೂ ತೋಚಲಿಲ್ಲ. ಅವರ ಫಾರ್ವರ್ಡ್ ಆಟಗಾರ ಓಡಿಬಂದು ಎಡವಿ ಬಿದ್ದು, ಸುತ್ತ ನೋಡಿ, ದೋರಿಯನ್ನು ಎತ್ತಿ ಹಿಡಿದು ರೆಫರಿಗೆ ತೋರಿಸಿದ. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದ. ಇದಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಅವನಿಗೂ ತಿಳಿಯಲಿಲ್ಲ. ಕೊನೆಗೆ "ಬಿಚ್ಚಿ ಬನ್ನಿ" ಎಂದು ಮರ್ಯಾದೆಯಿಂದಲೇ ಹೇಳಿದ.

ದೋರಿ ಬಿಚ್ಚಿ ಆಡಿದೆವು. ಆದರೆ ಸೊಂಟದಲ್ಲಿ ಅದು ಇದ್ದೇ ಇತ್ತು. ಸಾವಿಯೋ ಒಂದು ಹೆಜ್ಜೆ ಮುಂದೆ ಹೋದರೆ ನನ್ನ ಹೊಟ್ಟೆಯ ಹತ್ತಿರ ಏನೋ ಎಳೆದಂತಾಗಿ ನಾನೂ ಹೋಗುತ್ತಿದ್ದೆ. ಎದುರಾಳಿಗಳು ಮೇಲಿಂದ ಮೇಲೆ ನಮ್ಮ ಸಾಲಿನ ಹಿಂದೆ ಸಿಕ್ಕಿಬಿದ್ದು ಆಫ್‌ಸೈಡ್ ಆಗಿ ಕೈ ಚೆಲ್ಲುತ್ತಿದ್ದರು.

ಇನ್ನೊಂದು ಪಾಠವನ್ನೂ ಅಪ್ಪ ಕೊಟ್ಟಿದ್ದ. ನಮ್ಮ ಆಟ ಸುಧಾರಿಸಿದ್ದು ನೋಡಿ ನಾಯ್ಕ ಸರ್ ಹುರುಪಿನಿಂದ ಸಂಜೆಯೂ ಎರಡು ತಾಸು ಪ್ರಾಕ್ಟೀಸ್ ಎಂದಾಗ ಅಪ್ಪ ತಲೆ ಅಲ್ಲಾಡಿಸಿದ. "ದಿನಕ್ಕ ಮೂರ ಥರಾ ಸರ. ಹುರುಪು ಬಂತಂತ ಐದು ಇಟ್ರ ಮರುದಿನಾ ಗ್ವಾಡಿ ಹೊಟ್ಟಿ ಬಿಟ್ಟಿರತೈತಿ. ಮೂರ ಇಡ್ರಿ. ಆದ್ರ ಒಂದು ದಿನಾನೂ ಬಿಡಬ್ಯಾಡ್ರಿ." ಥರ ಎಂದರೆ ಗೋಡೆಯಲ್ಲಿ ಕಲ್ಲಿನ ಒಂದು ಸಾಲು. ಅಂದಿನಿಂದ ಅದೇ ನಮ್ಮ ಕಟ್ಟಳೆಯಾಯಿತು. ಬೆಳಗಿನ ಆರರಿಂದ ಏಳು. ಒಂದು ನಿಮಿಷ ಹೆಚ್ಚಿಲ್ಲ, ಒಂದು ದಿನ ತಪ್ಪಿಲ್ಲ. ಗಣಪತಿ ಹಬ್ಬ, ಈದ್, ಕ್ರಿಸ್‌ಮಸ್, ಪರೀಕ್ಷೆ, ಜಡಿಮಳೆ, ಯಾವುದಕ್ಕೂ ರಜೆ ಇಲ್ಲ. ಈದಿನ ದಿನ ಮೆಹಬೂಬ ಹೊಸ ಬಟ್ಟೆಯಲ್ಲೇ ಬಂದು, ಅರ್ಧ ತಾಸು ಒದ್ದು, ನಮಾಜಿಗೆ ಓಡಿದ್ದ. ಮಾರನೆಯ ದಿನ ಅವರಮ್ಮ ಬಾಗಿಲಲ್ಲಿ ನಿಂತು ನಮ್ಮೆಲ್ಲರಿಗೂ ಬೈದು, ಆಮೇಲೆ ಶೀರ್‌ಖುರ್ಮಾ ಕುಡಿಸಿದರು.

ಆ ವರ್ಷದ ಫಲಿತಾಂಶ ಹೇಳಿದರೆ ನೀವು ನಗುತ್ತೀರಿ. ಎಲ್ಲ ಪಂದ್ಯಗಳೂ ಸೊನ್ನೆ-ಸೊನ್ನೆ. ನಾವು ಗೋಲು ತಿನ್ನಲೂ ಇಲ್ಲ, ಹೊಡೆಯಲೂ ಇಲ್ಲ. ಗೋಡೆ ಕಟ್ಟುವ ಉತ್ಸಾಹದಲ್ಲಿ ಬಾಗಿಲು ಇಡುವುದನ್ನು ಮರೆತಿದ್ದೆವು. ಜನ ನಮ್ಮನ್ನು "ಸೊನ್ನೆ ಕಾಲೇಜು" ಎಂದು ಕರೆದರು, ನಮ್ಮ ಪಂದ್ಯಕ್ಕೆ ಬರುವಾಗ ದಿಂಬು ತನ್ನಿ ಎಂದು ಆಡಿಕೊಂಡರು. ಮಡಗಾಂವ್ ಕಾಲೇಜಿನವರು ನಮ್ಮ ಮೇಲೆ ಆಡಲು ಎರಡನೇ ದರ್ಜೆಯ ಹುಡುಗರನ್ನು ಕಳಿಸಿ, ಒಳ್ಳೆಯವರನ್ನು ಬೇರೆ ಪಂದ್ಯಕ್ಕೆ ಉಳಿಸಿಕೊಂಡರು. ಆದರೆ "ಘಾಟಿ" ಎನ್ನುವುದು ಎಲ್ಲೋ ನಡುವೆ ನಿಂತುಹೋಗಿತ್ತು. ಅದು ನಿಂತದ್ದು ನಮಗೇ ತಡವಾಗಿ ಗೊತ್ತಾಯಿತು. ಸಾವಿಯೋಗೆ ಮೊದಲು ಹೊಳೆದದ್ದು. "ಸೊನ್ನಿ ಚಲೋ. ಸೊನ್ನಿ ಊರು ಕೇಳಂಗಿಲ್ಲ" ಅಂದ.

ಅಪ್ಪ ಆ ವರ್ಷವೂ ಕಲ್ಲಿನ ರಾಶಿಯ ಮೇಲೆ ನಿಂತೇ ನೋಡಿದ. ಅವನನ್ನು ಒಳಗೆ ಕರೆಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಪೆವಿಲಿಯನ್ನಿನ ಮಾಲಕ ಯಾರು ಎಂಬುದೇ ಗೊತ್ತಾಗಲಿಲ್ಲ. ನಾಯ್ಕ ಸರ್ ಪ್ರಿನ್ಸಿಪಾಲರನ್ನು ಕೇಳಿದರು. ಮೈದಾನ ನಮ್ಮದಲ್ಲ ಎಂದರು ಅವರು. ಮೈದಾನದ ಕಮಿಟಿಯವರು ಜಾಗ ಮಾತ್ರ ನಮ್ಮದು, ಕಟ್ಟಡ ಸರಕಾರದ್ದು ಎಂದರು. ಸರಕಾರದ ಕಚೇರಿಯ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಟವೆಲ್ ಮತ್ತು ತೆಂಗಿನಕಾಯಿಗೆ ಅರ್ಜಿಯ ನಮೂನೆ ಇಲ್ಲ ಎಂದ. ನಾನು ಈ ಕತೆಯನ್ನೆಲ್ಲ ಪ್ರಾಕ್ಟೀಸ್ ಮುಗಿದ ಮೇಲೆ ಹೇಳಿದಾಗ ಮೆಹಬೂಬ ಹೊಟ್ಟೆ ಹಿಡಿದು ನಕ್ಕ, ವಿನಾಯಕ ಕೂಡ ನಕ್ಕ. ಸಾವಿಯೋ ನಗಲಿಲ್ಲ. ಬೂಟಿನ ದಾರ ಕಟ್ಟುತ್ತ ಕೇಳಿಸಿಕೊಂಡ, ಅಷ್ಟೆ.

ಮೂರನೇ ವರ್ಷ ಬಾಗಿಲು ತೆರೆಯಿತು. ಮುಂದಿನ ಹುಡುಗರು ಗೋಲು ಹೊಡೆಯತೊಡಗಿದರು, ಹೆಚ್ಚಲ್ಲ, ಪಂದ್ಯಕ್ಕೊಂದು. ನಮಗೆ ಒಂದೇ ಸಾಕಾಗಿತ್ತು, ಹಿಂದೆ ಗೋಡೆ ಇತ್ತಲ್ಲ. ಒಂದು, ಸೊನ್ನೆ. ಒಂದು, ಸೊನ್ನೆ. ಮತ್ತೆ ಒಂದು, ಸೊನ್ನೆ. ಹೀಗೆ ಒಂದೊಂದೇ ಥರ ಏರುತ್ತ ನಾವು ಫೈನಲ್ಲಿಗೆ ಬಂದು ನಿಂತೆವು. ಎದುರಿಗೆ ಮಡಗಾಂವ್ ಕಾಲೇಜು. ಪಂದ್ಯಕ್ಕೆ ಮೂರು ದಿನ ಮೊದಲು, ಬೆಳಗಿನ ಆರಕ್ಕೆ, ಮಳೆಯಲ್ಲಿ ಒಬ್ಬ ಮನುಷ್ಯ ಕೊಡೆ ಹಿಡಿದು ಸ್ಕೂಟರಿನ ಮೇಲೆ ಕುಳಿತು ನಮ್ಮ ಪ್ರಾಕ್ಟೀಸ್ ನೋಡುತ್ತಿದ್ದ. ಮಡಗಾಂವಿನ ಕೋಚ್. ಅಷ್ಟು ದೂರದಿಂದ, ಆ ಮಳೆಯಲ್ಲಿ, ಕತ್ತಲಿರುವಾಗಲೇ ಹೊರಟು ಬಂದಿದ್ದ. ನಾಯ್ಕ ಸರ್ ಮುಖ ಅರಳಿತು. "ನೋಡಿದಿರೇನ್ರೋ? ನಮ್ಮ ಗುಟ್ಟು ಕದಿಯಲು ಬಂದಿದ್ದಾನೆ. ಈಗ ನಾವು ಮನುಷ್ಯರಾದೆವು" ಅಂದರು. ನನಗೆ ಈವರೆಗೆ ಯಾವ ಸರ್ಟಿಫಿಕೇಟೂ ಅಷ್ಟು ಸಂತೋಷ ಕೊಟ್ಟಿಲ್ಲ. ಫೈನಲ್ಲಿಗೆ ಅವರು ಎರಡನೇ ದರ್ಜೆಯವರನ್ನು ಕಳಿಸಲಿಲ್ಲ. ಅವರ ಅತ್ಯುತ್ತಮ ಹನ್ನೊಂದು ಜನ ಬಂದರು.

ಬಂದರದ ಮೈದಾನ ತುಂಬಿತ್ತು. ಏಳು ಮೆಟ್ಟಿಲುಗಳಲ್ಲಿ ಹಿಡಿ ಜಾಗವಿರಲಿಲ್ಲ. ಕಂಪೌಂಡಿನ ಆಚೆ ಕಲ್ಲಿನ ರಾಶಿಯ ಮೇಲೆ ಅಪ್ಪ, ಅದೇ ಸಿಮೆಂಟಿನ ಅಂಗಿಯಲ್ಲಿ. ಇಲ್ಲಿ ನಾನು ಮಾಡಿದ ಮೂರ್ಖತನ ಹೇಳಲೇಬೇಕು. ಇದು ಕೊನೆಯ ಪಂದ್ಯ, ಅಪ್ಪನಿಗೆ ನನ್ನ ಕೈಚಳಕ, ಅಲ್ಲ, ಕಾಲುಚಳಕ ತೋರಿಸಲು ಇನ್ನು ಅವಕಾಶವಿಲ್ಲ ಎಂಬ ಯೋಚನೆ ತಲೆಗೇರಿತು. ಮೊದಲ ಅರ್ಧ ಮುಗಿಯಲು ಐದು ನಿಮಿಷ ಇರುವಾಗ ಚೆಂಡು ಸಿಕ್ಕಿದ್ದೇ ಸಾಲು ಬಿಟ್ಟು ಓಡಿದೆ. ಒಬ್ಬನನ್ನು ದಾಟಿದೆ. ಎರಡನೆಯವನು ಚೆಂಡನ್ನು ನನ್ನ ಕಾಲಿನಿಂದ ಹೂವು ಬಿಡಿಸಿಕೊಂಡ ಹಾಗೆ ಬಿಡಿಸಿಕೊಂಡ. ನಾನು ಬಿಟ್ಟ ಸಂದಿಯಲ್ಲೇ ಅವರ ಫಾರ್ವರ್ಡ್ ನುಗ್ಗಿದ. ಅವನು ಒದ್ದ ಚೆಂಡು ನಮ್ಮ ಗೋಲಿನ ಕಂಬಕ್ಕೆ ಬಡಿದ ಸದ್ದು ಇವತ್ತಿಗೂ ನಿದ್ದೆಯಲ್ಲಿ ಕೇಳುತ್ತದೆ. ಕಂಬ ಉಳಿಸಿತು. ಮೆಹಬೂಬ ನನ್ನ ಹತ್ತಿರ ಬಂದು ಮೆಲ್ಲಗೆ, "ದೋರಿ ಬಿಟ್ಟೆಲ್ಲೋ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ವಿರಾಮದಲ್ಲಿ ನಾಯ್ಕ ಸರ್ ನನಗೆ ಲಿಂಬು ಸರಬತ್ತಿನ ಲೋಟವನ್ನು ಎಲ್ಲರಿಗಿಂತ ಕೊನೆಗೆ ಕೊಟ್ಟರು. ಸಾವಿಯೋ ನಮ್ಮ ಜೊತೆ ಕೂಡದೆ ಎಲ್ಲಿಗೋ ಹೋಗಿ ಬಂದ. ಮತ್ತೆ ಕಣಕ್ಕಿಳಿದಾಗ ನಾನು ಮೊದಲು ನೋಡಿದ್ದು ಕಲ್ಲಿನ ರಾಶಿಯನ್ನು. ಅಪ್ಪ ಅಲ್ಲಿರಲಿಲ್ಲ.

ಎರಡು ವರ್ಷ ಮಳೆಯಲ್ಲಿ, ಬಿಸಿಲಲ್ಲಿ, ಸೊನ್ನೆ-ಸೊನ್ನೆಯಲ್ಲಿ ಬಿಟ್ಟು ಹೋಗದ ಮನುಷ್ಯ ಇವತ್ತು ಎದ್ದು ಹೋಗಿದ್ದ. ಸೊಟ್ಟ ಗೋಡೆ ತನ್ನದಲ್ಲ ಎನ್ನುವ ಜಾತಿ ಅವನು. ನಾನು ಸೊಟ್ಟ ನಿಂತಿದ್ದೆ, ನಾನೂ ಅವನವನಲ್ಲ ಎಂದುಬಿಟ್ಟನೇನೋ ಎನಿಸಿತು. ಅತ್ತುಬಿಡಬೇಕೆನಿಸಿತು. ಅಳಲು ಹೊತ್ತಿರಲಿಲ್ಲ, ಸಾವಿಯೋ ಒಂದು ಹೆಜ್ಜೆ ಮುಂದಿಟ್ಟಿದ್ದ, ಸೊಂಟದಲ್ಲಿ ದೋರಿ ಎಳೆಯಿತು, ನಾನೂ ಇಟ್ಟೆ.

ಆಮೇಲಿನ ಮುಕ್ಕಾಲು ತಾಸು ನಾನು ಕಲ್ಲಾಗಿದ್ದೆ. ಮಡಗಾಂವಿನವರು ಎಡದಿಂದ ಬಂದರು, ಬಲದಿಂದ ಬಂದರು, ಮೇಲಿಂದ ಹಾರಿಸಿ ನೋಡಿದರು. ನಾಲ್ವರೂ ಒಂದೇ ಗೆರೆ. ಮೆಟ್ಟಿಲ ಮೇಲಿನ ಜನ ಮೊದಲು ಅವರ ಹೆಸರು ಕೂಗುತ್ತಿದ್ದವರು ಸುಮ್ಮನಾದರು. ನಮ್ಮ ಸಾಲು ಮುಂದೆ ಸರಿದಾಗಲೊಮ್ಮೆ ಸಣ್ಣಗೆ ಚಪ್ಪಾಳೆ ಕೇಳತೊಡಗಿತು. ಗೋಲಿಗೆ ಚಪ್ಪಾಳೆ ತಟ್ಟುವುದನ್ನು ಕೇಳಿದ್ದೆ. ಗೋಡೆಗೆ ತಟ್ಟಿದ್ದನ್ನು ಅವತ್ತೇ ಕೇಳಿದ್ದು. ಪಂದ್ಯ ಮುಗಿಯಲು ಏಳೆಂಟು ನಿಮಿಷ ಇರುವಾಗ ನಮಗೊಂದು ಕಾರ್ನರ್ ಸಿಕ್ಕಿತು. ವಿನಾಯಕ ಮೂಲೆಯಿಂದ ಚೆಂಡು ಎತ್ತಿದ, ಸಾವಿಯೋ ಎಲ್ಲರಿಗಿಂತ ಒಂದು ಗೇಣು ಮೇಲೆ ಹಾರಿ ತಲೆ ಕೊಟ್ಟ. ಬಲೆ ಅಲುಗಿತು. ಸಂಭ್ರಮದಲ್ಲಿ ನಾವು ನಾಲ್ವರೂ ನಮ್ಮ ಗೋಲಿನ ಕಡೆ ಹಿಂದಕ್ಕೆ ಓಡುವಾಗಲೂ ಒಂದೇ ಸಾಲಿನಲ್ಲಿ ಓಡಿದೆವಂತೆ. ಇಡೀ ಮೈದಾನ ನಕ್ಕಿತಂತೆ. ಅದು ಬೇರೆ ರೀತಿಯ ನಗು.

ಉಳಿದ ಏಳು ನಿಮಿಷ ನಿಂತೆವು. ರೆಫರಿ ಸೀಟಿ ಊದಿದ. ಒಂದು, ಸೊನ್ನೆ. ನಾವು ಗೆದ್ದಿದ್ದೆವು. ನಾಯ್ಕ ಸರ್ ಕೆಸರಿನಲ್ಲಿ ಕುಳಿತುಬಿಟ್ಟರು. ಆ ಮಡಗಾಂವಿನ ಕೋಚ್ ಬಂದು ನಮ್ಮ ನಾಲ್ವರ ಕೈಯನ್ನೂ ಸಾಲಾಗಿ ಕುಲುಕಿದ. ಎಲ್ಲರೂ ಕುಣಿಯುತ್ತಿದ್ದರೆ ನಾನು ಆ ಬರಿದಾದ ಕಲ್ಲಿನ ರಾಶಿಯನ್ನೇ ನೋಡುತ್ತಿದ್ದೆ. ಮೆಹಬೂಬ ಎರಡೂ ಕೈಯಿಂದ ನನ್ನ ತಲೆ ಹಿಡಿದು ಪೆವಿಲಿಯನ್ನಿನ ಕಡೆ ತಿರುಗಿಸಿದ.

"ಅಲ್ಲೇನ್ ನೋಡಾಕತ್ತಿ? ಇಲ್ಲಿ ನೋಡಲೇ."

ಮೂರನೇ ಮೆಟ್ಟಿಲು. ನಡುಮಧ್ಯೆ ಅಪ್ಪ ಕುಳಿತಿದ್ದ. ಸಿಮೆಂಟಿನ ಅಂಗಿಯ ಮೇಲೆ ಹೊಸ ಹಸಿರು ಟವೆಲ್. ತೊಡೆಯ ಮೇಲೆ ತೆಂಗಿನಕಾಯಿ. ಎರಡೂ ಕಡೆ ಜನ ಸರಿದು ಜಾಗ ಬಿಟ್ಟಿದ್ದರು. ಪಕ್ಕದಲ್ಲಿ ಪೆದ್ರು ಅಂಕಲ್.

ವಿರಾಮದಲ್ಲಿ ಸಾವಿಯೋ ಹೋದದ್ದು ಅವರ ಹತ್ತಿರ. ಟವೆಲ್ ಅವನು ಬೆಳಿಗ್ಗೆಯೇ ಮಾರ್ಕೆಟ್ಟಿನಿಂದ ತಂದಿದ್ದ. ಎಲ್ಲ ಹೇಳಿ, ಈ ಪೆವಿಲಿಯನ್ನಿನ ಮಾಲಕ ಯಾರು ಅಂಕಲ್ ಎಂದು ಕೇಳಿದನಂತೆ. ಮುದುಕನಿಗೆ ಸಿಟ್ಟು ಬಂತಂತೆ. ಇಷ್ಟು ವರ್ಷ ಈ ನೆಲ ಗುಡಿಸಿದವನು ನಾನು, ಇನ್ಯಾರು ಮಾಲಕ ಎಂದು ಗದರಿ, ಹಿಂದಿನ ಮರದ ಬುಡದಲ್ಲಿ ಬಿದ್ದ ಕಾಯಿಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಸುಲಿದು, ತಾವೇ ಗೇಟು ದಾಟಿ ಕಲ್ಲಿನ ರಾಶಿಯ ತನಕ ನಡೆದು ಹೋದರಂತೆ. ಎರಡು ವರ್ಷದ ಹಿಂದೆ ಹೊರಗೆ ನಡೆ ಎಂದದ್ದು ಅವರಿಗೆ ನೆನಪಿತ್ತೋ ಇಲ್ಲವೋ. ಟವೆಲ್ ಹೆಗಲಿಗೆ ಹಾಕಿ, "ಭಿತರ್ ಯೋ, ಮೇಸ್ತ್ರಿ" ಎಂದರಂತೆ. ಒಳಗೆ ಬಾ. ಅಪ್ಪ ಚಪ್ಪಲಿ ಗೇಟಿನಲ್ಲೇ ಬಿಟ್ಟು ಬಂದನಂತೆ.

ನಾನು ಕೆಸರು ಕಾಲಿನಿಂದ ಮೆಟ್ಟಿಲು ಹತ್ತಿ ಅವನ ಮುಂದೆ ನಿಂತೆ. ಅಪ್ಪ ನನ್ನನ್ನು ನೋಡಲಿಲ್ಲ. ಅಂಗೈಯಿಂದ ಮೆಟ್ಟಿಲಿನ ಅಂಚನ್ನು ಉದ್ದಕ್ಕೂ ಸವರುತ್ತಿದ್ದ. ಜೇಬಿನಿಂದ ದೋರಿ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟು, "ಆ ಕಡಿ ಹಿಡಿ" ಅಂದ. ನಾನು ಹಿಡಿದೆ, ಅವನು ಬಿಗಿದ. ಅಲ್ಲಿ ಕುಳಿತವರೆಲ್ಲ ಕಾಲು ಎತ್ತಿಕೊಂಡರು. ದೋರಿಗೂ ಕಲ್ಲಿಗೂ ನಡುವೆ ಒಂದು ಕಡೆ ಸಣ್ಣ ಸಂದು ಕಾಣುತ್ತಿತ್ತು.

"ಅರ್ಧ ಇಂಚ ಇಳದೈತಿ" ಅಂದ ಅಪ್ಪ. "ಎರಡು ವರ್ಷ ಹೊರಗ ನಿಂತ ನೋಡೇನಿ, ಕಂಡಿರಲಿಲ್ಲ. ಒಳಗ ಕುಂತ ಮ್ಯಾಲ ಕಂಡ್ತು." ದೋರಿಯನ್ನು ನಿಧಾನವಾಗಿ ಕಟ್ಟಿಗೆಗೆ ಸುತ್ತಿ ನನ್ನ ಕೈಯಲ್ಲಿಟ್ಟ. ಆಗ ನನ್ನ ಮುಖ ನೋಡಿದ. "ನಿಮ್ಮ ಗ್ವಾಡಿ ಮಾತ್ರ ಇಳೀಲಿಲ್ಲ ಬಿಡು."

ಜನ ಕರಗಿದರು, ಕತ್ತಲಾಗುತ್ತ ಬಂತು. ಅಪ್ಪ ಏಳಲಿಲ್ಲ. ಗೇಟಿಗೆ ಬೀಗ ಹಾಕಲು ಎದ್ದ ಪೆದ್ರು ಅಂಕಲ್ ಅವನನ್ನು ಒಮ್ಮೆ ನೋಡಿ, ಕೀಲಿಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಅವನ ಪಕ್ಕದಲ್ಲೇ ಕುಳಿತುಕೊಂಡರು.